ಹಿನ್ನೀರಿನ ಆಚೆ ದಡದಲ್ಲಿ ಅಪ್ಪಯ್ಯ

ಇಂಗ್ಲೆಂಡಿನ ಶೆಫೀಲ್ಡ್ ನಗರದಲ್ಲಿ ನಾನು ವೃದ್ಧರ ಚಿಕಿತ್ಸೆಗೆ ಮೀಸಲಾದ ವೈದ್ಯ. ಎಂಬತ್ತು, ತೊಂಬತ್ತು ದಾಟಿದವರ ಮಕ್ಕಳನ್ನು ವಾರ್ಡಿನ ಪಕ್ಕದ ಪುಟ್ಟ ಕೋಣೆಗೆ ಕರೆದು ಕೂರಿಸುತ್ತೇನೆ. ಹೃದಯ ನಿಂತರೆ ಎದೆಯೊತ್ತಿ ಅದನ್ನು ಮತ್ತೆ ನಡೆಸುವ ಪ್ರಯತ್ನ ಬೇಡವೆಂದೂ, ಕೃತಕ ಉಸಿರಾಟದ ಯಂತ್ರದಿಂದ ಈ ವಯಸ್ಸಿನಲ್ಲಿ ಪ್ರಯೋಜನಕ್ಕಿಂತ ಯಾತನೆಯೇ ಹೆಚ್ಚೆಂದೂ ತಿಳಿಯಹೇಳುತ್ತೇನೆ. ಇಪ್ಪತ್ತು ವರ್ಷಗಳಿಂದ ಆಡುತ್ತ ಬಂದ ಮಾತು. ತಡವರಿಸದೆ ಆಡಬಲ್ಲೆನೆಂಬ ಸಣ್ಣ ಹೆಮ್ಮೆಯೂ ಇತ್ತು.

ಕಳೆದ ನವೆಂಬರಿನ ಒಂದು ರಾತ್ರಿ ಶಿವಮೊಗ್ಗದ ಆಸ್ಪತ್ರೆಯಿಂದ ಕಿರಿಯ ವೈದ್ಯರೊಬ್ಬರು ಫೋನ್ ಮಾಡಿದರು. ರೋಗಿಯ ವಯಸ್ಸು 89. ಎರಡೂ ಶ್ವಾಸಕೋಶಗಳಲ್ಲಿ ನ್ಯುಮೋನಿಯಾ, ಮೊದಲೇ ದುರ್ಬಲವಾಗಿದ್ದ ಹೃದಯ, ಇಳಿಯುತ್ತಿರುವ ಆಮ್ಲಜನಕ. "ಸರ್, ವೆಂಟಿಲೇಟರ್ ಹಾಕೋದಾ?"

"ಹಾಕಿ" ಎಂದುಬಿಟ್ಟೆ. ರೋಗಿ ನನ್ನ ತಂದೆ.

ಅಪ್ಪಯ್ಯ ಹುಟ್ಟಿದ್ದು 1936ರಲ್ಲಿ, ಸಾಗರ ತಾಲ್ಲೂಕಿನ ಶರಾವತಿ ಕಣಿವೆಯ ಒಂದು ಹಳ್ಳಿಯಲ್ಲಿ. ಆ ಹಳ್ಳಿ ಈಗ ಇಲ್ಲ. ಅವರು ಬಾಲಕನಾಗಿದ್ದಾಗ ಮಡೆನೂರಿನಲ್ಲಿ ಹಿರೇಭಾಸ್ಕರ ಅಣೆಕಟ್ಟು ಎದ್ದಿತು. 1948ರಲ್ಲಿ ಜೋಗದ ವಿದ್ಯುದಾಗಾರ ಆರಂಭವಾಯಿತು. ಆಗ ನಮ್ಮವರ ಗದ್ದೆ ಮಾತ್ರ ಹೋಗಿತ್ತಂತೆ, ಮನೆ ಉಳಿದಿತ್ತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡಾಗ ಮನೆಯೂ ಹೋಯಿತು. ಹಳೆಯ ಅಣೆಕಟ್ಟೇ ಹೊಸ ಅಣೆಕಟ್ಟಿನ ನೀರಿನಲ್ಲಿ ಮುಳುಗಿದ ಮೇಲೆ ಒಂದು ಮನೆಯದೇನು ಲೆಕ್ಕ! ಅಪ್ಪಯ್ಯನಿಗೆ ಆಗ ಇಪ್ಪತ್ತೆಂಟು ವರ್ಷ, ಪ್ರಾಥಮಿಕ ಶಾಲೆಯ ಮೇಷ್ಟ್ರು. ಮುಂಬಾಗಿಲಿನ ಚೌಕಟ್ಟು, ಜಂತಿ, ಹೆಂಚುಗಳನ್ನು ಬಿಚ್ಚಿ ಎತ್ತಿನ ಗಾಡಿಯಲ್ಲಿ ಗುಡ್ಡದ ಮೇಲಕ್ಕೆ ಸಾಗಿಸಿದರು. ಬಂಧುಗಳಲ್ಲಿ ಬಹಳ ಮಂದಿ ಶಿವಮೊಗ್ಗದ ಕಡೆ ಚದುರಿ ಹೋದರು. ಇವರು ಮಾತ್ರ ಕರೂರು ಹೋಬಳಿಯಲ್ಲಿ, ನೀರಿನ ಅಂಚಿನಲ್ಲಿಯೇ ಉಳಿದರು. ಕಾರಣ ಕೇಳಿದರೆ, "ಶಾಲೆಯ ಹುಡುಗರು ಇಲ್ಲೇ ಇದ್ದರಲ್ಲ" ಎನ್ನುತ್ತಿದ್ದರು.

ನಾನು ಓದಿದ್ದು ಚಿಮಣಿ ದೀಪದ ಬೆಳಕಿನಲ್ಲಿ. ನಮ್ಮ ಗದ್ದೆಯ ಮೇಲೆ ನಿಂತ ನೀರು ರಾಜ್ಯಕ್ಕೆಲ್ಲ ದೀಪ ಹಚ್ಚುತ್ತಿದ್ದ ಕಾಲದಲ್ಲಿ ನಮ್ಮ ಮನೆಗೆ ಕಂಬ ಬಂದಿರಲಿಲ್ಲ. ಇದನ್ನು ಕೋಪದಿಂದ ಹೇಳಿದ ಚಿಕ್ಕಪ್ಪಂದಿರಿದ್ದರು. ಅಪ್ಪಯ್ಯ ಹೇಳಲಿಲ್ಲ. ಮಳೆ ಕೈಕೊಟ್ಟ ವರ್ಷಗಳ ಬೇಸಿಗೆಯಲ್ಲಿ ನೀರು ಇಳಿದಾಗ, ಅಕ್ಕನನ್ನೂ ನನ್ನನ್ನೂ ಕರೆದುಕೊಂಡು ಬಿರುಕು ಬಿಟ್ಟ ಕೆಸರಿನ ಮೇಲೆ ನಡೆಸುತ್ತಿದ್ದರು. ಕಪ್ಪಾದ ಮರದ ಬೊಡ್ಡೆಗಳ ನಡುವೆ ನಿಂತು, "ಇದು ಕೊಟ್ಟಿಗೆ. ಇದು ಬಾವಿ. ಇಲ್ಲಿ ನಿನ್ನ ಅಜ್ಜಿ ಅಕ್ಕಿ ಕೇರುತ್ತಿದ್ದಳು" ಎಂದು ತೋರಿಸುತ್ತಿದ್ದರು. ಎದುರಿನ ಎರಡು ಗುಡ್ಡಗಳ ನೆತ್ತಿಯನ್ನು ಗುರುತಿಟ್ಟುಕೊಂಡು ಜಾಗ ಹಿಡಿಯುವುದನ್ನೂ ಕಲಿಸಿದರು. ನಾನು ಮರೆತೆ. ಕಲಿತದ್ದನ್ನೆಲ್ಲ ಪರೀಕ್ಷೆಯಲ್ಲಿ ಕೇಳುತ್ತಾರೆಂದು ಆಗ ತಿಳಿದಿರಲಿಲ್ಲ.

ಎಂ.ಡಿ. ಮುಗಿಸಿ, 1998ರಲ್ಲಿ ನಾನು ಇಂಗ್ಲೆಂಡಿಗೆ ಹೊರಟ ದಿನ ಅವರು ಲಾಂಚಿನಲ್ಲಿ ಈಚೆ ದಡದವರೆಗೆ ಬಂದರು. ಅಂದಿನ ಕೊನೆಯ ಲಾಂಚ್ ಅದೇ ಆದ್ದರಿಂದ ಕೆಳಗಿಳಿಯದೆ ಅದರಲ್ಲಿಯೇ ಹಿಂತಿರುಗಿದರು. ಬೀಳ್ಕೊಡುಗೆಗೆ ಐದು ನಿಮಿಷವೂ ಸಿಗಲಿಲ್ಲ.

ಅವರು ಶೆಫೀಲ್ಡಿಗೆ ಬಂದದ್ದು ಒಮ್ಮೆ ಮಾತ್ರ, 2009ರಲ್ಲಿ. ಲಂಡನ್ನಿನ ಅರಮನೆಯನ್ನು ನೋಡಿ ಸುಮ್ಮನಿದ್ದವರು ಡರ್ಬಿಶೈರಿನ ಲೇಡಿಬವರ್ ಜಲಾಶಯದ ದಂಡೆಯಲ್ಲಿ ಒಂದು ಮಧ್ಯಾಹ್ನವಿಡೀ ನಿಂತುಬಿಟ್ಟರು. ನಮ್ಮ ಮನೆಯಿಂದ ಅರ್ಧ ಗಂಟೆಯ ದಾರಿ. 1945ರಲ್ಲಿ ಉದ್ಘಾಟನೆಯಾದ ಆ ಜಲಾಶಯಕ್ಕಾಗಿ ಡರ್ವೆಂಟ್, ಆಶಪ್ಟನ್ ಎಂಬ ಎರಡು ಹಳ್ಳಿಗಳು ಮುಳುಗಿದವು. ಡರ್ವೆಂಟಿನ ಇಗರ್ಜಿಯ ಗೋಪುರ ಕೆಲಕಾಲ ನೀರಿನ ಮೇಲೆ ತಲೆಯೆತ್ತಿ ನಿಂತಿತ್ತು. 1947ರಲ್ಲಿ ಅದನ್ನು ಸ್ಫೋಟಿಸಿ ಕೆಡವಿದರು. ಬರಗಾಲದಲ್ಲಿ ಅಲ್ಲಿಯೂ ಮನೆಗಳ ಅಡಿಪಾಯ ಕಾಣಿಸಿಕೊಳ್ಳುತ್ತದೆ, ಜನ ನೋಡಲು ಹೋಗುತ್ತಾರೆ. ಊರಿನ ಹಳೆಯ ಕಲ್ಲು ಸೇತುವೆಯನ್ನು ಬಿಚ್ಚಿಟ್ಟು ಕಣಿವೆಯ ಮೇಲ್ಭಾಗದಲ್ಲಿ ಮತ್ತೆ ಕಟ್ಟಿದರು. ಸ್ಮಶಾನದ ಅವಶೇಷಗಳನ್ನೂ ತೆಗೆದು ಬ್ಯಾಮ್‌ಫರ್ಡ್ ಎಂಬಲ್ಲಿ ಮರಳಿ ಹೂಳಿದರು.

ಇದನ್ನೆಲ್ಲ ನಾನು ಫಲಕ ಓದಿ ಹೇಳುತ್ತಿದ್ದೆ. ಅಪ್ಪಯ್ಯ ಬಹಳ ಹೊತ್ತಿನ ಮೇಲೆ, "ಸತ್ತವರನ್ನೂ ಜೊತೆಗೆ ಕರೆದುಕೊಂಡು ಹೋದರಲ್ಲ. ನಮಗೆ ಅಷ್ಟು ವ್ಯವಧಾನ ಇರಲಿಲ್ಲ" ಎಂದರು. ಅಜ್ಜನನ್ನು ಸುಟ್ಟ ಜಾಗವೂ ನೀರಿನಡಿ ಇತ್ತು. ಆಮೇಲೆ ಕೇಳಿದರು: "ನೀನು ಕುಡಿಯುವುದು ಈ ಕಣಿವೆಯ ನೀರನ್ನೇ ಅಲ್ಲವೇ?" ಶೆಫೀಲ್ಡಿಗೂ ಡರ್ವೆಂಟ್ ಕಣಿವೆಯಿಂದ ನೀರು ಬರುತ್ತದೆ, ಹೌದೆಂದೆ. "ಹಾಗಾದರೆ ಇವರ ಋಣ ನಿನ್ನ ಮೇಲಿದೆ" ಎಂದರು. ಮೇಷ್ಟ್ರುಗಳಿಗೆ ಎಲ್ಲಿಯೂ ಪಾಠ ಸಿಗುತ್ತದೆ.

ಮತ್ತೆ ನವೆಂಬರಿನ ಆ ರಾತ್ರಿಗೆ ಬರುತ್ತೇನೆ. ನಾನು "ಹಾಕಿ" ಎಂದದ್ದನ್ನು ಕೇಳಿಸಿಕೊಂಡ ಅಕ್ಕ ವೈದ್ಯರ ಕೈಯಿಂದ ಫೋನ್ ತೆಗೆದುಕೊಂಡಳು. ಅಮ್ಮ ಹೋದ ಮೇಲೆ ಹದಿನಾಲ್ಕು ವರ್ಷ ಅಪ್ಪಯ್ಯನನ್ನು ನೋಡಿಕೊಂಡವಳು ಅವಳೇ. "ತಮ್ಮಾ, ಅದನ್ನು ಹಾಕಿದರೆ ಅಪ್ಪಯ್ಯ ಎದ್ದು ಮನೆಗೆ ಬರ್ತಾರಾ?" ನಾನು ಉತ್ತರಿಸಲಿಲ್ಲ. "ನೀನು ಬರೋವರೆಗೆ ಉಸಿರು ಇರಲಿ ಅಂತಲಾ?"

ಅವಳ ಪ್ರಶ್ನೆಯಲ್ಲಿ ಆಕ್ಷೇಪವಿರಲಿಲ್ಲ. ಹಾಗೆ ಬೇಕೆಂದರೆ ಹಾಗೆಯೇ ಮಾಡಿಸುತ್ತಿದ್ದಳು. ಆದರೆ ಅದೇ ಸತ್ಯವಾಗಿತ್ತು. ಮ್ಯಾಂಚೆಸ್ಟರಿನಿಂದ ದುಬೈ, ಅಲ್ಲಿಂದ ಬೆಂಗಳೂರು, ಆಮೇಲೆ ರಸ್ತೆಯಲ್ಲಿ ಎಂಟು ಗಂಟೆ: ನನ್ನ ಪ್ರಯಾಣದ ಅವಧಿಯನ್ನು ಅಪ್ಪಯ್ಯನ ಗಂಟಲಿನ ನಳಿಗೆಯಿಂದ ಕೊಂಡುಕೊಳ್ಳಲು ಹೊರಟಿದ್ದೆ. "ಬೇಡ ಅಕ್ಕಾ" ಎಂದೆ. "ಮನೆಗೆ ಕರೆದುಕೊಂಡು ಹೋಗ್ತೇನೆ" ಎಂದಳು. 'ವೈದ್ಯರ ಸಲಹೆಗೆ ವಿರುದ್ಧವಾಗಿ' ಎಂದು ಅಚ್ಚಾದ ಕಾಗದಕ್ಕೆ ಅವಳು ಸಹಿ ಹಾಕಿದಳು. ಆ ಸಲಹೆ ಕೊಡಬೇಕಾದ ವಿದ್ಯೆ ಕಲಿತವನು ನಾನು, ಸಹಿ ಅವಳದು. ಇಂದಿಗೂ ನನ್ನನ್ನು ಕಾಡುವುದು ಇದೇ.

ವಿದೇಶಕ್ಕೆ ಹೊರಡುವ ಸಿದ್ಧತೆಯಲ್ಲಿರುವ ಕಿರಿಯರು ನನ್ನನ್ನು ಪರೀಕ್ಷೆ, ವೀಸಾ, ಸಂಬಳದ ಬಗ್ಗೆ ಕೇಳುತ್ತಾರೆ. ಈಗ ಈ ಮಾತನ್ನೂ ಸೇರಿಸಿ ಹೇಳುತ್ತಿದ್ದೇನೆ. ಕೊನೆಯ ದಿನಗಳಲ್ಲಿ ಯಾವ ಚಿಕಿತ್ಸೆ ಬೇಡವೆಂದು ಮುಂಚಿತವಾಗಿಯೇ ಬರೆದಿಡುವ ಹಕ್ಕನ್ನು ಸುಪ್ರೀಂ ಕೋರ್ಟ್ 2018ರ ಮಾರ್ಚ್‌ನಲ್ಲಿ ಮಾನ್ಯ ಮಾಡಿತು. 2023ರಲ್ಲಿ ಕ್ರಮವನ್ನು ಸರಳಗೊಳಿಸಿತು: ಇಬ್ಬರು ಸಾಕ್ಷಿಗಳ ಎದುರು ಸಹಿ ಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಸಾಕು. ಕರ್ನಾಟಕ ಸರ್ಕಾರವೂ 2025ರ ಜನವರಿಯಲ್ಲಿ ಇದನ್ನು ಜಾರಿಗೊಳಿಸುವ ಆದೇಶ ಹೊರಡಿಸಿದೆ. ನನಗೆ ಇದೆಲ್ಲ ಗೊತ್ತಿತ್ತು. ಪ್ರತಿ ಭಾನುವಾರ ಅಪ್ಪಯ್ಯನೊಡನೆ ಮಾತನಾಡುತ್ತಿದ್ದೆ. ಅಡಿಕೆ ದರ, ಮಳೆ, ಮೊಮ್ಮಗಳ ಓದು ಎಲ್ಲ ಬರುತ್ತಿತ್ತು, ಇದೊಂದು ಬರಲಿಲ್ಲ. ಕೇಳಿದ್ದರೆ ಅವರು ಎರಡು ನಿಮಿಷದಲ್ಲಿ ಉತ್ತರ ಹೇಳುತ್ತಿದ್ದರು. ಅಕ್ಕ ಆ ಕಾಗದಕ್ಕೆ ಒಬ್ಬಳೇ ಸಹಿ ಹಾಕಬೇಕಾಗುತ್ತಿರಲಿಲ್ಲ.

ಸಿಗಂದೂರಿನ ದಾರಿಯಲ್ಲಿ ಹಿನ್ನೀರಿಗೆ ಅಡ್ಡಲಾಗಿ ಕಟ್ಟಿದ, ಎರಡು ಕಿಲೋಮೀಟರಿಗೂ ಮಿಕ್ಕಿದ ಸೇತುವೆ 2025ರ ಜುಲೈನಲ್ಲಿ ತೆರೆಯಿತು. ಅದಕ್ಕೂ ಮುನ್ನ ಕೊನೆಯ ಲಾಂಚ್ ಹೋದ ಮೇಲೆ ಕಾಯಿಲೆಯವರು ಬೆಳಗಾಗುವವರೆಗೆ ಕಾಯಬೇಕಿತ್ತು, ಇಲ್ಲವೇ ಕಾಡಿನ ಸುತ್ತು ದಾರಿ ಹಿಡಿಯಬೇಕಿತ್ತು. ಅಪ್ಪಯ್ಯ ಆ ಸೇತುವೆಯನ್ನು ಎರಡೇ ಸಲ ದಾಟಿದರು, ಎರಡೂ ಸಲ ಮಲಗಿಕೊಂಡೇ. ಹಿಂತಿರುಗುವಾಗ ನಸುಕು. ಆಂಬುಲೆನ್ಸಿನ ಕಿಟಕಿಯ ಪರದೆ ಸರಿಸಿದೆ, ನೀರಿನ ಕಡೆ ತಿರುಗಿ ನೋಡಿದರು ಎಂದು ಅಕ್ಕ ಹೇಳಿದಳು. ಮರುದಿನ ಮಧ್ಯಾಹ್ನ ಹಳೆಯ ಮನೆಯಿಂದ ತಂದ ಚೌಕಟ್ಟಿನ ಒಳಗಡೆ, ನಡುಮನೆಯಲ್ಲಿ ತೀರಿಕೊಂಡರು. ನಾನಾಗ ದುಬೈಯಲ್ಲಿ ಮುಂದಿನ ವಿಮಾನಕ್ಕಾಗಿ ಸಾಲಿನಲ್ಲಿ ನಿಂತಿದ್ದೆ. ನನಗಾಗಿ ಕಾಯುವುದು ಬೇಡವೆಂದು ಹೇಳಿದೆ. ಕತ್ತಲಾಗುವ ಮುನ್ನ ಅಕ್ಕನ ಮಗ ಕೊಳ್ಳಿಯಿಟ್ಟ.

ಅಸ್ಥಿಯನ್ನು ಗೋಕರ್ಣಕ್ಕೆ ಒಯ್ಯೋಣವೆಂದು ಬಂಧುಗಳು ಹೇಳಿದರು. ಹಿನ್ನೀರೇ ಸಾಕೆಂದು ಅಪ್ಪಯ್ಯ ಅಕ್ಕನ ಬಳಿ ಎಂದೋ ಹೇಳಿದ್ದರಂತೆ. ಊರಿನವರ ದೋಣಿಯಲ್ಲಿ ಹೊರಟೆವು. ಮಳೆಗಾಲ ಚೆನ್ನಾಗಿ ಆಗಿ ನೀರು ತುಂಬಿ ನಿಂತಿತ್ತು. ಒಂದು ಬೊಡ್ಡೆಯ ತುದಿಯೂ ಕಾಣುತ್ತಿರಲಿಲ್ಲ. ಗುಡ್ಡದ ನೆತ್ತಿಗಳನ್ನು ನೋಡುತ್ತ ಕುಳಿತೆ. ಯಾವುದಕ್ಕೆ ಯಾವುದನ್ನು ಸೇರಿಸಿ ನೋಡಬೇಕೆಂದು ನೆನಪಾಗಲಿಲ್ಲ. ದೋಣಿ ನಡೆಸುತ್ತಿದ್ದ ಎಪ್ಪತ್ತರ ಹಿರಿಯರು ನಮ್ಮನ್ನು ಏನೂ ಕೇಳದೆ ಒಂದೆಡೆ ಹುಟ್ಟು ಎತ್ತಿ ನಿಲ್ಲಿಸಿದರು.

"ಇಲ್ಲಿ ಬಿಡಿ. ಇದು ಕೊಟ್ಟಿಗೆ ಇದ್ದ ಜಾಗ. ಮೇಷ್ಟ್ರು ನಮಗೂ ತೋರಿಸಿದ್ದರು."