ವಾಹನಕ್ಕೂ ಒಂದು ಬುತ್ತಿ

ಪ್ರಯಾಣಕ್ಕೆ ಹೊರಡುವ ಮುನ್ನ ಬುತ್ತಿ ಕಟ್ಟಿಕೊಳ್ಳುವುದು ನಮ್ಮ ಹಿರಿಯರ ರೂಢಿ. ಉಣ್ಣುವವರೆಷ್ಟು ಜನ, ಎಷ್ಟು ಹೊತ್ತಿನ ದಾರಿ ಎಂಬ ಲೆಕ್ಕ ಹಾಕಿಯೇ ಅವರು ರೊಟ್ಟಿಯ ಗಂಟು ಕಟ್ಟುತ್ತಿದ್ದರು. ಮೋಟಾರು ವಾಹನದಲ್ಲಿ ಸಂಚರಿಸುವ ನಾವು ಮನುಷ್ಯರ ಬುತ್ತಿಯನ್ನು ಮರೆಯುವುದಿಲ್ಲ. ವಾಹನದ ವಿದ್ಯುತ್ತಿಗೂ ಒಂದು ಬುತ್ತಿ ಬೇಕೆಂಬುದನ್ನು ಮಾತ್ರ ಮರೆಯುತ್ತೇವೆ. ಆ ಮರೆವಿನ ಫಲವನ್ನು ಸ್ವತಃ ಉಂಡವನಾದುದರಿಂದ ಈ ನಾಲ್ಕು ಮಾತುಗಳನ್ನು ವಾಚಕರ ಮುಂದಿಡುತ್ತಿದ್ದೇನೆ.

ಕೆಲವು ವರ್ಷಗಳ ಹಿಂದೆ, ಸುಗ್ಗಿ ಮುಗಿದ ಮೇಲೆ, ಹಿರೇಕೆರೂರು, ಹಾನಗಲ್ಲ, ಶಿಗ್ಗಾವಿ, ಸವಣೂರು ತಾಲ್ಲೂಕುಗಳ ಹಳ್ಳಿಗಳಲ್ಲಿ ಪ್ರವಚನಕ್ಕಾಗಿ ಸಂಚರಿಸುವ ಪ್ರಸಂಗ ಬಂದಿತು. ಬಾಡಿಗೆಯ ಟೆಂಪೊ ಒಂದರಲ್ಲಿ ಹತ್ತು ಹನ್ನೆರಡು ಜನರಿದ್ದೆವು. ಹಾನಗಲ್ಲ ತಾಲ್ಲೂಕಿನ ಹಳ್ಳಿಯೊಂದರ ಮಾವಿನ ತೋಪಿನ ಬದಿಯಲ್ಲಿ ಸಭೆ ಸೇರಿತ್ತು. ಕರೆಂಟು ಹೋಗಲಾಗಿ, ಮೈಕನ್ನೂ ಎರಡು ದೀಪಗಳನ್ನೂ ಟೆಂಪೊದ ಬ್ಯಾಟರಿಗೇ ಜೋಡಿಸಿ ನಡುರಾತ್ರಿಯವರೆಗೆ ಮಾತನಾಡಿದೆ. ಬೆಳಗಿನ ಜಾವ ನಮ್ಮೊಡನಿದ್ದ ವೃದ್ಧ ತಾಯಿಯೊಬ್ಬರಿಗೆ ಉಸಿರಾಟದ ತೊಂದರೆ ಕಾಣಿಸಿತು. ಚಾಲಕನು ಕೀಲಿಕೈ ತಿರುವಿದರೆ ಎಂಜಿನ್ನು ಮಿಸುಕಲಿಲ್ಲ. “ಅಜ್ಜಾರ, ಬ್ಯಾಟರಿ ಪೂರಾ ಕುಂತೇತ್ರಿ. ಎಲ್ಲಾರೂ ಇಳಿದು ದೂಡಬೇಕ್ರಿ” ಎಂದನು. ಕತ್ತಲೆಯಲ್ಲಿ ಇಳಿಜಾರು ಹುಡುಕಿ, ದೂಡಿ, ಟೆಂಪೊ ಹೊರಡುವಷ್ಟರಲ್ಲಿ ಮುಕ್ಕಾಲು ಗಂಟೆ ಕಳೆದಿತ್ತು. ಆಸ್ಪತ್ರೆ ಸೇರಿದ ತಾಯಿ ಚೇತರಿಸಿಕೊಂಡರು. ಆದರೆ ಆ ಮುಕ್ಕಾಲು ಗಂಟೆ ನನ್ನ ಮನಸ್ಸಿನಿಂದ ಇಂದಿಗೂ ಅಳಿದಿಲ್ಲ. ದೋಷ ವಾಹನದ್ದಾಗಿರಲಿಲ್ಲ, ನನ್ನ ಮೈಕಿನದಾಗಿತ್ತು.

ಇದರ ಕಾರಣವನ್ನು ಬಳಿಕ ತಿಳಿದುಕೊಂಡೆ. ಸೀಸ ಮತ್ತು ಆಮ್ಲದ ಬ್ಯಾಟರಿಯನ್ನು ಫ್ರಾನ್ಸಿನ ಗಾಸ್ತೋ ಪ್ಲಾಂಟೆ 1859ರಲ್ಲಿ ರೂಪಿಸಿದನು. ಎಂಜಿನ್ನನ್ನು ಎಬ್ಬಿಸುವ ಬ್ಯಾಟರಿಯಲ್ಲಿ ತೆಳುವಾದ ಫಲಕಗಳಿರುತ್ತವೆ. ಅದು ಕ್ಷಣಕಾಲ ಬಹಳ ವಿದ್ಯುತ್ತನ್ನು ಕೊಡಬಲ್ಲುದು; ಗಂಟೆಗಟ್ಟಲೆ ಸ್ವಲ್ಪ ಸ್ವಲ್ಪವಾಗಿ ಕೊಡುತ್ತ ಬರಿದಾಗುವ ಕೆಲಸಕ್ಕೆ ಅದು ಹುಟ್ಟಿದ್ದಲ್ಲ. ಹಲವು ಸಲ ಬರಿದಾದರೆ ಕೆಟ್ಟೇ ಹೋಗುತ್ತದೆ. ಆದುದರಿಂದ ದೀಪ, ಮೈಕು, ಮೊಬೈಲುಗಳಿಗೆ ಬೇರೆಯೇ ಆದ ಎರಡನೆಯ ಬ್ಯಾಟರಿ ಇರಬೇಕು. ಮನೆಯ ಇನ್ವರ್ಟರುಗಳಲ್ಲಿ ಕಾಣುವ ಟ್ಯೂಬುಲರ್ ಜಾತಿಯದು ಇದಕ್ಕೆ ಯೋಗ್ಯ. ಎರಡನ್ನೂ ತಂತಿಯಿಂದ ಕಾಯಂ ಬೆಸೆದರೆ ಒಂದರೊಡನೆ ಇನ್ನೊಂದೂ ಬರಿದಾಗುವುದರಿಂದ ಹಾಗೆ ಮಾಡಲಾಗದು.

ಈ ಎರಡನೆಯದನ್ನು ತುಂಬುವವರಾರು? ಸೂರ್ಯನೇ ತುಂಬಲಿ ಎಂಬುದು ಸುಲಭವಾದ ಉತ್ತರ. ಬೆಳಕು ಬಿದ್ದಾಗ ವಿದ್ಯುತ್ತು ಹುಟ್ಟುವುದನ್ನು ಬೆಕರೆಲ್ 1839ರಲ್ಲಿಯೇ ಕಂಡಿದ್ದನು. ಕೆಲಸಕ್ಕೆ ಬರುವಂತಹ ಸಿಲಿಕಾನ್ ಸೌರಕೋಶ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ 1954ರಲ್ಲಿ ಸಿದ್ಧವಾಯಿತು. 1958ರಲ್ಲಿ ಹಾರಿಬಿಟ್ಟ ವ್ಯಾನ್‌ಗಾರ್ಡ್-1 ಎಂಬ ಪುಟ್ಟ ಉಪಗ್ರಹದಲ್ಲಿ ಬ್ಯಾಟರಿಯ ರೇಡಿಯೊ ಕೆಲವೇ ತಿಂಗಳಲ್ಲಿ ಮೌನವಾಯಿತು. ಸೌರಕೋಶದ ರೇಡಿಯೊ 1964ರವರೆಗೂ ಮಾತನಾಡಿತು. ನಮ್ಮ ನಾಡಿನ ಮನೆಗಳಿಗೆ ಸೌರದೀಪ ಒಯ್ಯುವ ಸೆಲ್ಕೊ ಸಂಸ್ಥೆಯನ್ನು 1995ರಲ್ಲಿ ಸ್ಥಾಪಿಸಿದವರಲ್ಲಿ ಒಬ್ಬರಾದ ಹರೀಶ ಹಂದೆ ಅವರಿಗೆ 2011ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿ ಸಂದಿತು. ಮನೆಯ ಛಾವಣಿಗೆ ಒಗ್ಗಿದ ಈ ವಿದ್ಯೆ ವಾಹನಕ್ಕೂ ಒಗ್ಗುತ್ತದೆ.

ಇನ್ನು ಬುತ್ತಿಯ ಲೆಕ್ಕ. ಹತ್ತು ವ್ಯಾಟಿನ ಎರಡು ಎಲ್‌ಇಡಿ ದೀಪಗಳು ನಾಲ್ಕು ಗಂಟೆ ಉರಿದರೆ 80 ವ್ಯಾಟ್-ಗಂಟೆ. ನಲವತ್ತು ವ್ಯಾಟಿನ ಮೈಕು ಮೂರು ಗಂಟೆಗೆ 120. ನಾಲ್ಕಾರು ಮೊಬೈಲುಗಳಿಗೆ 60. ಒಟ್ಟು 260. ಅರವತ್ತು ಆಂಪಿಯರ್-ಗಂಟೆಯ 12 ವೋಲ್ಟ್ ಬ್ಯಾಟರಿಯಲ್ಲಿ 720 ವ್ಯಾಟ್-ಗಂಟೆ ಇದ್ದರೂ ಅರ್ಧವನ್ನಷ್ಟೇ ಬಳಸಿದರೆ ಅದು ಬಹುಕಾಲ ಬಾಳುತ್ತದೆ. ಆ ಅರ್ಧವೇ 360. ನೂರು ವ್ಯಾಟಿನ ಮಡಚುವ ಪ್ಯಾನೆಲ್ಲು ನಿರಭ್ರ ದಿನದಲ್ಲಿ, ಕಾವು ಮತ್ತು ಧೂಳಿನ ನಷ್ಟ ಕಳೆದು, 300ರಿಂದ 350 ವ್ಯಾಟ್-ಗಂಟೆ ಕೊಡುತ್ತದೆ. ಅಂದಿನ ವೆಚ್ಚವನ್ನು ಮರುದಿನದ ಬಿಸಿಲು ತೀರಿಸುತ್ತದೆ. ಆದರೆ ಆಷಾಢ ಶ್ರಾವಣಗಳ ಮೋಡದಲ್ಲಿ ಇದರ ಕಾಲುಭಾಗವೂ ದೊರೆಯದಿರಬಹುದು. ಮಲೆನಾಡಿನ ಸೆರಗಿನಲ್ಲಿರುವ ಹಾನಗಲ್ಲಿಗೆ ಒಂದು ಲೆಕ್ಕ, ಬಯಲಿನ ಸವಣೂರಿಗೆ ಒಂದು ಲೆಕ್ಕ. ಮಳೆಗಾಲದಲ್ಲಿ ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕು. ಮೈಕನ್ನು ಬೇಗ ಮುಗಿಸಬೇಕು.

ಜೋಡಿಸುವಾಗ ಕೆಲವು ನಿಯಮಗಳನ್ನು ಮೀರಲಾಗದು. ಪ್ಯಾನೆಲ್ಲಿನ ತಂತಿಯನ್ನು ನೇರವಾಗಿ ಬ್ಯಾಟರಿಗೆ ಸಿಕ್ಕಿಸಬಾರದು. ಹನ್ನೆರಡು ವೋಲ್ಟಿನದೆಂದು ಕರೆಯುವ ಪ್ಯಾನೆಲ್ಲು ಬಿಸಿಲಿನಲ್ಲಿ 20 ವೋಲ್ಟಿಗಿಂತ ಮೇಲೇರಬಲ್ಲುದು. ನಡುವೆ ಚಾರ್ಜ್ ಕಂಟ್ರೋಲರ್ ಇರಲೇಬೇಕು. ಮೊದಲು ಕಂಟ್ರೋಲರಿಗೆ ಬ್ಯಾಟರಿ, ಆಮೇಲೆ ಪ್ಯಾನೆಲ್ಲು. ಬಿಚ್ಚುವಾಗ ಮೊದಲು ಪ್ಯಾನೆಲ್ಲು. ಬ್ಯಾಟರಿಯ ಧನಧ್ರುವದಿಂದ ಗೇಣಳತೆಯೊಳಗೆ ಫ್ಯೂಸು ಬೇಕು. ಚಾರ್ಜಾಗುವ ಬ್ಯಾಟರಿಯಿಂದ ಹೈಡ್ರೋಜನ್ ಹೊಮ್ಮುವುದರಿಂದ ಅದು ಜನ ಕೂಡುವ ಮುಚ್ಚಿದ ಜಾಗದಲ್ಲಿರಬಾರದು. ಹತ್ತಿರ ಬೀಡಿ ಹೊತ್ತಿಸಬಾರದು. ವಿಶ್ರಾಂತಿಯಲ್ಲಿರುವ ಬ್ಯಾಟರಿ 12.7 ವೋಲ್ಟ್ ತೋರಿದರೆ ತುಂಬಿದೆ, 12.2ಕ್ಕೆ ಇಳಿದರೆ ಅರ್ಧ ತೀರಿದೆ ಎಂದು ತಿಳಿದು ಅಲ್ಲಿಗೆ ನಿಲ್ಲಿಸಬೇಕು.

ಒಯ್ಯಬಲ್ಲ ಪ್ಯಾನೆಲ್ಲಿನ ಸೊಗಸನ್ನು ಕಂಡದ್ದು ಸವಣೂರಿನಲ್ಲಿ. ಅಲ್ಲಿಯ ಪ್ರಸಿದ್ಧ ದೊಡ್ಡಹುಣಸೆ ಮರಗಳನ್ನು ನೋಡಿ ಮರಳುವಾಗ ಅದೇ ಚಾಲಕ ಮತ್ತೆ ಭೇಟಿಯಾದನು. ಅವನ ಟೆಂಪೊ ಬೇವಿನ ನೆರಳಿನಲ್ಲಿತ್ತು; ಪ್ಯಾನೆಲ್ಲು ಮಾತ್ರ ಐದು ಮಾರು ದೂರ ಬಿಸಿಲಿನಲ್ಲಿ, ದಕ್ಷಿಣಕ್ಕೆ ಮುಖಮಾಡಿ, ತುಸು ಓರೆಯಾಗಿ ನಿಂತಿತ್ತು. ಒಂದು ಟೊಂಗೆಯ ನೆರಳು ಬಿದ್ದರೂ ಇಳುವರಿ ಬಹಳ ಕುಗ್ಗುವುದೆಂದು ಅವನು ಅನುಭವದಿಂದ ಕಲಿತಿದ್ದನು. ದೂರ ಹೆಚ್ಚಿದಷ್ಟೂ ತಂತಿ ದಪ್ಪನಾಗಿರಬೇಕೆಂಬುದನ್ನೂ ಅರಿತಿದ್ದನು.

“ಏನು ತಮ್ಮಾ, ಈಗ ನನ್ನ ಮೈಕಿಗೆ ಭಯವಿಲ್ಲವಷ್ಟೆ?” ಎಂದು ಕೇಳಿದೆ.

“ಇಲ್ರಿ ಅಜ್ಜಾರ. ನಿಮ್ಮ ಮೈಕು ಎರಡನೇ ಬ್ಯಾಟರಿದ್ರಿ. ಅದು ಮುಗೀತಂದ್ರ ಪ್ರವಚನಾನೂ ಮುಗೀತ್ರಿ. ಮೊದಲನೇದ್ದಕ್ಕ ಯಾರೂ ಕೈ ಹಚ್ಚಂಗಿಲ್ರಿ, ಅದು ಆ ಅಜ್ಜೀ ಸಲುವಾಗಿ ಐತ್ರಿ” ಎಂದನು.

ಜಾತ್ರೆಗೆ, ಮದುವೆಗೆ, ದೂರದ ಊರಿಗೆ ವಾಹನ ಹೂಡುವ ಮನೆಯವರು ಈ ಚಾಲಕನ ಮಾತನ್ನು ನೆನಪಿಡಲಿ. ನಮ್ಮ ಮಾತು ಅರ್ಧಕ್ಕೆ ನಿಂತರೆ ಯಾರಿಗೂ ಕೇಡಿಲ್ಲ. ಬೆಳಗಿನ ಜಾವ ಹೊರಡಬೇಕಾದ ವಾಹನ ನಿಲ್ಲಬಾರದು.