ಒಣ ಬ್ಯಾಸಿಗಿ ಮತ್ತು ಕಣ್ಣಿನ ಡ್ರಾಪ್ಸ್: ಅಸ್ಸೇ ಜೊತೆ ತೂಕ ಯಾಕೆ ಬೇಕು

ಉಮರ್ಗಾ, ನಿಲಂಗಾ, ಉದಗೀರ ಕಡೆಯವರೇ ಹೆಚ್ಚು ಕೂತೀರಿ, ಹಾಗಾಗಿ ನಮ್ಮ ಬ್ಯಾಸಿಗಿಯಿಂದಲೇ ಶುರು ಮಾಡ್ತೀನಿ. ಮೇ ತಿಂಗಳ ಮಧ್ಯಾಹ್ನ ಇಲ್ಲಿ 40 ಡಿಗ್ರಿ ದಾಟೋದು ಹೊಸದಲ್ಲ, ಗಾಳಿಯೂ ಒಣಗಿರ್ತದ. ಸ್ಟೆಬಿಲಿಟಿ ಅಂದಕೂಡಲೇ ನಾವು ಬಿಸಿಯನ್ನಷ್ಟೇ ನೋಡ್ತೀವಿ. ಕಣ್ಣಿನ ಡ್ರಾಪ್ಸ್ ವಿಷಯದಲ್ಲಿ ಒಣ ಗಾಳಿಯನ್ನೂ ಅಷ್ಟೇ ಲೆಕ್ಕಕ್ಕೆ ಹಿಡಿಯಬೇಕು ಅನ್ನೋದು ನನ್ನ ವಾದ.

ಕ್ಲೋರಾಮ್‌ಫೆನಿಕಾಲ್ 0.5% ತೊಗೊಳ್ರಿ. ಇದು ನೀರಿನಲ್ಲಿ ನಿಧಾನಕ್ಕೆ ಒಡೆಯುವ ಔಷಧ. ಅದಕ್ಕೇ 2ರಿಂದ 8 ಡಿಗ್ರಿಯಲ್ಲಿ ಇಡಬೇಕು ಅಂತಾರೆ. ಡ್ರಾಪ್ಸ್ ಬಾಟಲಿ ಸಾಮಾನ್ಯವಾಗಿ ಮೆತ್ತನೆಯ ಎಲ್‌ಡಿಪಿಇ ಪ್ಲಾಸ್ಟಿಕ್. ಮುಚ್ಚಳ ಎಷ್ಟೇ ಬಿಗಿಯಿದ್ರೂ ಅದರ ಗೋಡೆಯಿಂದ ನೀರಿನ ಆವಿ ಹೊರಬೀಳ್ತದ, ಔಷಧ ಒಳಗೇ ಉಳೀತದ.

ಈಗ ಲೆಕ್ಕ ನೋಡ್ರಿ. 5 ಮಿ.ಲೀ. ಬಾಟಲಿಯಲ್ಲಿ 25 ಮಿ.ಗ್ರಾಂ ಔಷಧ. 4% ಕೆಟ್ಟಿತು ಅಂತಿಟ್ಕೊಳ್ರಿ, ಉಳಿದದ್ದು 24. ಅಷ್ಟರಲ್ಲಿ ದ್ರಾವಣವೂ 4% ಆರಿ 4.8 ಮಿ.ಲೀ.ಗೆ ಇಳಿದಿದೆ. ಭಾಗಿಸಿದರೆ ಮಿ.ಲೀ.ಗೆ ಸರಿಯಾಗಿ 5 ಮಿ.ಗ್ರಾಂ. ಅಸ್ಸೇ 100% ತೋರಿಸ್ತದ, ಬಾಟಲಿ ಪಾಸಾಗ್ತದ! ಯುವಿಯಲ್ಲಿ 278 ನ್ಯಾನೋಮೀಟರ್ ಹತ್ತಿರ ಅಳೆದ್ರಂತೂ ಇನ್ನೂ ಮೋಸ. ಒಡೆದು ಹುಟ್ಟುವ ಅಮೈನೋಡಯಾಲ್‌ನಲ್ಲೂ ಅದೇ ನೈಟ್ರೋಫೀನೈಲ್ ಭಾಗ ಇರೋದರಿಂದ ಕೆಟ್ಟದ್ದೂ ಒಳ್ಳೇದರ ಲೆಕ್ಕಕ್ಕೆ ಸೇರ್ತದ. ಎರಡನ್ನೂ ಬೇರ್ಪಡಿಸಿ ತೋರಿಸುವ ಎಚ್‌ಪಿಎಲ್‌ಸಿ ವಿಧಾನವೇ ಬೇಕು.

ನಮಗೆ ರೂಢಿಯಾದ ಚೇಂಬರ್ 40 ಡಿಗ್ರಿ, 75% ಆರ್ದ್ರತೆಯದು. ಅದು ಈ ಬಾಟಲಿಗೆ ಬಹಳ ಮೃದು. ಇಂಥ ಅರೆಪಾರಕ ಬಾಟಲಿಗಳಿಗೆ ಐಸಿಎಚ್ ಕ್ಯೂ1ಎ(ಆರ್2) ಹೇಳೋದು 40 ಡಿಗ್ರಿ, 25% ಮೀರದ ಆರ್ದ್ರತೆ. ನೀರಿನ ನಷ್ಟ ಅಲ್ಲಿ ಮೂರು ಪಟ್ಟು: 100ರಲ್ಲಿ 25 ಕಳೆದರೆ 75, 75 ಕಳೆದರೆ 25. ಮೂರು ತಿಂಗಳಲ್ಲಿ 5% ನೀರು ಹೋದರೆ ಅದು ಗಣನೀಯ ಬದಲಾವಣೆ. ಒಣ ಚೇಂಬರ್ ಇಲ್ಲದ ಕಾಲೇಜು 75%ರ ನಷ್ಟವನ್ನು ಮೂರರಿಂದ ಗುಣಿಸಿದರೂ ನಡೀತದ, ಮಾರ್ಗಸೂಚಿಯೇ ಅದಕ್ಕೆ ಅವಕಾಶ ಕೊಟ್ಟಿದೆ.

ಖರ್ಚೇನೂ ಇಲ್ಲ. ಮೊದಲ ದಿನ ಪ್ರತಿ ಬಾಟಲಿಗೆ ನಂಬರ್ ಹಾಕಿ ತೂಗಿ. ಹೊರತೆಗೆದಾಗ ಕೋಣೆಯ ಉಷ್ಣತೆಗೆ ಬಂದ ಮೇಲೆ, ಬಿರಡೆ ತೆರೆಯೋಕೆ ಮುಂಚೆ, ಮತ್ತೆ ತೂಗಿ. ಅಸ್ಸೇಯನ್ನು ಶೇಕಡಾದಲ್ಲಷ್ಟೇ ಅಲ್ಲ, ಬಾಟಲಿಗೆ ಎಷ್ಟು ಮಿ.ಗ್ರಾಂ ಅಂತಲೂ ಬರೀರಿ. ಪಿಎಚ್, ಆಸ್ಮೊಲಾಲಿಟಿ ಜೊತೆಗಿರಲಿ. ನೀರು ಆರಿದ ಹನಿ ಕಣ್ಣಿಗೆ ಉರಿ ತರಬಹುದು.

ಒಬ್ಬ ವಿದ್ಯಾರ್ಥಿ ಕೇಳಿದರು: ಇದರಲ್ಲಿ ಪಾಸಾದ ಬಾಟಲಿಯನ್ನು ತೆರೆದ ಮೇಲೂ ಎಕ್ಸ್‌ಪೈರಿ ತನಕ ಬಳಸಬಹುದಾ? ಇಲ್ರೀ. ತೆರೆದ ಮೇಲಿನ 28 ದಿನದ ಗಡುವು ಸೋಂಕಿನ ಭಯಕ್ಕೆ ಇಟ್ಟದ್ದು, ಅದು ಬೇರೆಯೇ ಪರೀಕ್ಷೆ.