ವಿಷವುಂಡ ಮಣ್ಣನ್ನು ಶುದ್ಧಿಗೊಳಿಸುವ ಬಗೆ

ಉಟ್ಟ ಸೀರೆಗೆ ಕಲೆ ತಗುಲಿದರೆ ಗೃಹಿಣಿಯು ಸೀಗೆಯಿಂದಲೋ ನಿಂಬೆಯಿಂದಲೋ ತೊಳೆದು ತೆಗೆಯುವಳು. ಅನ್ನವನ್ನು ಕೊಡುವ ನೆಲಕ್ಕೇ ಕಲೆ ತಗುಲಿದರೆ ತೊಳೆಯುವುದೆಂತು? ಈ ಪ್ರಶ್ನೆಯು ಒಕ್ಕಲಿಗನದು ಮಾತ್ರವಲ್ಲ, ಉಣ್ಣುವವರೆಲ್ಲರದೂ ಹೌದು.

ಬಳ್ಳಾರಿಯ ಸೀಮೆಯನ್ನೇ ನೋಡೋಣ. ತುಂಗಭದ್ರೆಯ ಕಾಲುವೆಗಳಲ್ಲಿ 1953ರಲ್ಲಿ ನೀರು ಹರಿದ ತರುವಾಯ ಸಿರುಗುಪ್ಪದ ಬಯಲು ಬತ್ತದ ಕಣಜವಾಯಿತು. ಕುರುಗೋಡಿನ ಎರೆಯ ಹೊಲಗಳಲ್ಲಿ ಹತ್ತಿಯೂ ಮೆಣಸಿನಕಾಯಿಯೂ ಬೆಳೆಯುವುವು. ಇವೆಲ್ಲಕ್ಕೂ ಹುಳುವಿನ ಕಾಟ ಬಲವಾದುದು. ಆದುದರಿಂದ ಔಷಧದ ಸಿಂಪಡಣೆಯೂ ಹೆಚ್ಚು. ಸಿಂಪಡಿಸಿದುದರಲ್ಲಿ ಹುಳುವಿನ ಮೈಗೆ ತಾಗುವುದು ಅಲ್ಪ. ಮಿಕ್ಕುದು ಎಲೆ, ಗಾಳಿ, ನೀರು, ನೆಲಗಳ ಪಾಲು. ಎರೆಮಣ್ಣಿನ ಜಿಗುಟು ಕಣಗಳು ಅನೇಕ ವಿಷಗಳನ್ನು ಬಿಗಿಯಾಗಿ ಹಿಡಿದಿಡುವುವು.

ಇದರ ಪರಿಣಾಮವು ಎಷ್ಟು ದೂರ ಹೋಗಬಹುದೆಂಬುದನ್ನು ಕಾಸರಗೋಡಿನ ಕನ್ನಡ, ತುಳು ಜನರು ಅನುಭವಿಸಿ ಬಲ್ಲರು. ಎಣ್ಮಕಜೆ ಪಂಚಾಯತಿನ ಪಡ್ರೆ ಮೊದಲಾದ ಊರುಗಳ ಗೇರುತೋಟಗಳ ಮೇಲೆ 2000ದವರೆಗೆ ಇಪ್ಪತ್ತಕ್ಕೂ ಮಿಕ್ಕ ವರ್ಷಗಳ ಕಾಲ ಎಂಡೋಸಲ್ಫಾನನ್ನು ಆಕಾಶದಿಂದ ಸಿಂಪಡಿಸಿದರು. ಅಲ್ಲಿನ ಮಕ್ಕಳ ಅಂಗವೈಕಲ್ಯವನ್ನು ನಾಡೆಲ್ಲ ಕಂಡು ಮರುಗಿತು. 2011ರ ಮೇ 13ರಂದು ಸರ್ವೋಚ್ಚ ನ್ಯಾಯಾಲಯವು ಆ ವಿಷವನ್ನು ತಡೆಯಿತು. ಮಣ್ಣಿನಲ್ಲಿ ಎಂಡೋಸಲ್ಫಾನು ಸಲ್ಫೇಟಾಗಿ ಮಾರ್ಪಡುವುದು. ಆ ರೂಪವೂ ವಿಷವೇ, ಹೆಚ್ಚು ಕಾಲ ಉಳಿಯುವಂತಹುದೇ.

ಹಾಗಾದರೆ ಉಪಾಯವೇನು? ಮೊದಲನೆಯದು, ಹೊಸ ವಿಷ ಸೇರದಂತೆ ತಡೆಯುವುದು. ಎರಡನೆಯದು, ಯಾವ ವಿಷ, ಎಷ್ಟಿದೆ ಎಂದು ತಿಳಿಯುವುದು. ರಾಯಚೂರಿನ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯದಲ್ಲಿ ಕೀಟನಾಶಕದ ಶೇಷವನ್ನು ಪರೀಕ್ಷಿಸುವ ಪ್ರಯೋಗಶಾಲೆಯುಂಟು. ರೋಗವನ್ನರಿಯದೆ ಮದ್ದು ಕೊಡಲಾಗದಷ್ಟೆ.

ಮೂರನೆಯದಾಗಿ, ಮಣ್ಣಿನ ಸೂಕ್ಷ್ಮಜೀವಿಗಳಿಗೆ ಬಲ ತುಂಬುವುದು. ನಿಜವಾದ ಅಗಸರು ಇವರೇ. ಕಳಿತ ಗೊಬ್ಬರ, ಹಸಿರೆಲೆ, ಹದವಾದ ತೇವ ಇವುಗಳಿಂದ ಆ ಜೀವಿಗಳು ವೃದ್ಧಿಗೊಂಡು ಅನೇಕ ವಿಷಗಳನ್ನು ಮುರಿದು ತಿನ್ನುವುವು. ಭಾರತದಲ್ಲಿ 1997ರಲ್ಲಿ ನಿಷೇಧಿಸಲ್ಪಟ್ಟ ಬಿ.ಎಚ್.ಸಿ. ಪುಡಿಯ ವಿಷಯದಲ್ಲಿ ಒಂದು ಸ್ವಾರಸ್ಯವುಂಟು. ಅದರ ಮುಖ್ಯ ವಿಷಾಂಶವು ನೀರು ನಿಂತ ಗದ್ದೆಯ ಮಣ್ಣಿನಲ್ಲಿ ಬೇಗನೆ ಕರಗುವುದೆಂದೂ, ಸೂಕ್ಷ್ಮಜೀವಿಗಳನ್ನು ಕೊಂದ ಮಣ್ಣಿನಲ್ಲಿ ಅಷ್ಟು ಬೇಗ ಕರಗದೆಂದೂ ಫಿಲಿಪೈನ್ಸಿನ ಬತ್ತದ ಸಂಶೋಧನಾಲಯದ ಪ್ರಯೋಗಗಳು 1966ರಲ್ಲಿ ತೋರಿಸಿದುವು. ಬತ್ತದ ಗದ್ದೆಗೆ ಇದು ಆಶಾದಾಯಕವಾದ ಮಾತು. ಆದರೆ ಎಲ್ಲ ವಿಷಕ್ಕೂ ಇದೇ ನ್ಯಾಯವೆಂದು ತಿಳಿಯಬಾರದು. ಅಂತಹ ಕೆಸರಿನಲ್ಲಿ ಡಿ.ಡಿ.ಟಿ.ಯು ಡಿ.ಡಿ.ಡಿ. ಎಂಬ ಮತ್ತೊಂದು ವಿಷವಾಗಿ ಉಳಿಯುವುದು. ಮೈಲುತುತ್ತದ ತಾಮ್ರವಂತೂ ಮೂಲಧಾತುವಾದುದರಿಂದ ಯಾವ ಜೀವಿಯೂ ಅದನ್ನು ಮುರಿಯಲಾರದು.

ಕೆಲವು ಜಾತಿಯ ಕುಂಬಳಬಳ್ಳಿಗಳು ಡಿ.ಡಿ.ಟಿ.ಯ ಶೇಷವನ್ನು ಬೇರಿನಿಂದ ಹೀರಿಕೊಳ್ಳುವುವು. ಅಂತಹ ಬಳ್ಳಿಯ ಕಾಯನ್ನು ಅಡಿಗೆಗೆ ತರಬಾರದು. ಸೊಪ್ಪನ್ನು ದನಕ್ಕೆ ಹಾಕಲೂ ಬಾರದು. ವಿಶೇಷವಾಗಿ ಸಿದ್ಧಪಡಿಸಿದ ಇದ್ದಲಿನ ಪುಡಿಯನ್ನು ಮಣ್ಣಿಗೆ ಬೆರೆಸಿದರೆ ಅದು ವಿಷವನ್ನು ಹಿಡಿದು, ಬೆಳೆಗೆ ಏರದಂತೆ ತಡೆಯುವುದು. ವಿಷವು ಮಾತ್ರ ಅಲ್ಲಿಯೇ ಇರುವುದು. ಡಬ್ಬಿ ಒಡೆದು ಔಷಧ ಚೆಲ್ಲಿದ ಕಡೆ ಆ ಮಣ್ಣನ್ನೇ ಅಗೆದು, ಬಲ್ಲವರ ಮುಖಾಂತರ ವಿಲೇವಾರಿ ಮಾಡಿಸುವುದು ಲೇಸು.

ಇದೆಲ್ಲಕ್ಕೂ ವರ್ಷಗಳು ಹಿಡಿಯುವುವು. ಕೆಡಿಸುವುದಕ್ಕೆ ಒಂದು ಬೆಳಗು ಸಾಕು. ಆದುದರಿಂದ ಮನೆಯವರು ಮಾಡತಕ್ಕ ಕೆಲಸವೂ ಉಂಟು. ಔಷಧದ ಡಬ್ಬಿಯಲ್ಲಿ ನೀರನ್ನಾಗಲಿ ಎಣ್ಣೆಯನ್ನಾಗಲಿ ತುಂಬಿಡಬೇಡಿರಿ. ಸಿಂಪಡಿಸುವ ಯಂತ್ರವನ್ನು ಬಾವಿಯ ಬಳಿಯಲ್ಲಾಗಲಿ ಕಾಲುವೆಯಲ್ಲಾಗಲಿ ತೊಳೆಯಗೊಡಬೇಡಿರಿ. ಹೊಲದಿಂದ ಬಂದವರ ಬಟ್ಟೆಯನ್ನು ಮಕ್ಕಳ ಬಟ್ಟೆಯೊಡನೆ ನೆನೆಯಿಡಬೇಡಿರಿ. ಕಾಲುವೆಯ ನೀರು ಮುಂದಿನ ಊರಿಗೂ ಹೋಗುವುದು. ಅಲ್ಲಿಯೂ ಒಲೆಯ ಮೇಲೆ ಅನ್ನದ ಎಸರು ಇಟ್ಟವರಿದ್ದಾರೆ.